ಗರಿಗರಿಯ ಗುಟ್ಟು ಎಣ್ಣೆಯಲ್ಲಿಲ್ಲ

1955ರಲ್ಲಿ ಅಮೆರಿಕದ ಶಿಕಾಗೊ ಪಕ್ಕದ ಡೆಸ್ ಪ್ಲೇನ್ಸ್ ಎಂಬ ಊರಿನಲ್ಲಿ ರೇ ಕ್ರಾಕ್ ತಮ್ಮ ಮೊದಲ ಮೆಕ್‌ಡೊನಾಲ್ಡ್ಸ್ ಅಂಗಡಿ ತೆರೆದರು. ಅಂಗಡಿಯ ಹೆಸರಾಗಲಿ ಅಲ್ಲಿನ ಅಡುಗೆಯ ಕ್ರಮವಾಗಲಿ ಅವರ ಸ್ವಂತದ್ದಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಹೋಟೆಲು ನಡೆಸುತ್ತಿದ್ದ ಮೆಕ್‌ಡೊನಾಲ್ಡ್ ಸಹೋದರರಿಂದ ಪಡೆದದ್ದು. ಆ ಸಹೋದರರು ಆಲೂಗೆಡ್ಡೆಯ ಸಿಪ್ಪೆ ಹೇಗೆ ಹೆರೆಯುತ್ತಾರೆ, ಹೆಚ್ಚಿದ ಮೇಲೆ ಹೇಗೆ ತೊಳೆಯುತ್ತಾರೆ, ಎಷ್ಟು ಹೊತ್ತು ಕರಿಯುತ್ತಾರೆ ಎಂಬುದನ್ನೆಲ್ಲ ಕ್ರಾಕ್ ಕಣ್ಣಾರೆ ನೋಡಿ ಬಂದಿದ್ದರು. ತಮ್ಮ ಅಂಗಡಿಯಲ್ಲೂ ಒಂದಿಷ್ಟೂ ತಪ್ಪದೆ ಹಾಗೆಯೇ ಮಾಡಿಸಿದರು. ಬಾಣಲೆಯಿಂದ ಹೊರಬಂದದ್ದು ಮಾತ್ರ ಮೆತ್ತಗಿನ, ಸಪ್ಪೆಯಾದ ಫ್ರೈಸ್.

ಮತ್ತೆ ಮಾಡಿದರು, ಮತ್ತೆ ಅದೇ ಗತಿ. ಕೊನೆಗೆ ಆಲೂಗೆಡ್ಡೆ ಮತ್ತು ಈರುಳ್ಳಿ ವ್ಯಾಪಾರದ ಸಂಘವೊಂದರ ತಜ್ಞರ ಹತ್ತಿರ ಹೋದರು. ಕ್ರಾಕ್ ಕ್ಯಾಲಿಫೋರ್ನಿಯಾದಲ್ಲಿ ಕಂಡದ್ದನ್ನು ಆ ತಜ್ಞರು ಮೊದಲಿನಿಂದ ಒಂದೊಂದೇ ಹೇಳಿಸಿಕೊಂಡರು. ಗೆಡ್ಡೆಗಳನ್ನು ಎಲ್ಲಿ ಇಟ್ಟಿದ್ದರು ಎಂಬಲ್ಲಿಗೆ ಬಂದಾಗ ಗುಟ್ಟು ಹೊರಬಿತ್ತು. ಸಹೋದರರು ಆಲೂಗೆಡ್ಡೆಯನ್ನು ಕೋಳಿಗೂಡಿನ ತಂತಿಬಲೆ ಹಾಕಿದ ತೆರೆದ ಪೆಟ್ಟಿಗೆಗಳಲ್ಲಿ ನೆರಳಲ್ಲಿ ಇಡುತ್ತಿದ್ದರು. ಮರುಭೂಮಿಯ ಒಣಗಾಳಿ ಆ ಬಲೆಯ ಮೂಲಕ ಹಗಲೂ ರಾತ್ರಿ ಹಾಯುತ್ತಿತ್ತು. ಗೆಡ್ಡೆಯ ನೀರು ಆರುತ್ತಿತ್ತು, ಅದರೊಳಗಿನ ಸಕ್ಕರೆ ಮತ್ತೆ ಪಿಷ್ಟವಾಗುತ್ತಿತ್ತು. ಇಷ್ಟು ದೊಡ್ಡ ಕೆಲಸ ತಮ್ಮ ಹಿತ್ತಲಲ್ಲಿ ತಾನಾಗಿಯೇ ನಡೆಯುತ್ತಿದೆ ಎಂಬುದು ಆ ಸಹೋದರರಿಗೂ ಗೊತ್ತಿರಲಿಲ್ಲ. ಕ್ರಾಕ್ ತಮ್ಮ ಅಂಗಡಿಯ ನೆಲಮಾಳಿಗೆಯಲ್ಲಿ ಗೆಡ್ಡೆ ತುಂಬಿಸಿ, ದೊಡ್ಡದೊಂದು ಫ್ಯಾನ್ ತಿರುಗಿಸಿಟ್ಟರು. ಫ್ರೈಸ್ ಗರಿಗರಿಯಾಯಿತು.

ಈ ಪ್ರಸಂಗವನ್ನು ಕ್ರಾಕ್ ತಮ್ಮ ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾರೆ. ಮನೆಯಲ್ಲಿ ಫ್ರೆಂಚ್ ಫ್ರೈಸ್ ಮಾಡಲು ಹೊರಟವರೆಲ್ಲ ಇದನ್ನು ಮೊದಲು ತಿಳಿದುಕೊಂಡರೆ ಒಳ್ಳೆಯದು. ಏಕೆಂದರೆ ನಮ್ಮ ಅಡುಗೆಮನೆಗಳಲ್ಲಿ ಆಗುವ ತಪ್ಪೂ ಇದೇ. ಭಾನುವಾರ ಸಂಜೆ ಮಕ್ಕಳು ಕೇಳಿದರೆಂದು ನಾಲ್ಕು ಆಲೂಗೆಡ್ಡೆ ಹೆಚ್ಚಿ, ತೊಳೆದು, ಕಾದ ಎಣ್ಣೆಗೆ ಬಿಡುತ್ತಾರೆ. ಹೊರಗೆ ಕಂದು ಬಣ್ಣ ಬರುತ್ತದೆ, ಒಳಗೆ ಇನ್ನೂ ಹಸಿ. ಇನ್ನಷ್ಟು ಹೊತ್ತು ಬಿಟ್ಟರೆ ಕರಿಕಾಗುತ್ತದೆ. ತಟ್ಟೆಗೆ ತೆಗೆದ ಎರಡು ನಿಮಿಷಕ್ಕೆ ಬಾಡಿದ ಬೀನ್ಸಿನಂತೆ ಬಾಗುತ್ತದೆ. ‘ಅಂಗಡೀದು ಥರ ಆಗ್ಲಿಲ್ಲಮ್ಮ’ ಎಂಬ ತೀರ್ಪು ಬರುತ್ತದೆ. ಎಣ್ಣೆ ಸರಿಯಿಲ್ಲ, ಉರಿ ಸಾಲದು, ಬಾಣಲೆ ಚಿಕ್ಕದು ಎಂದು ಆಮೇಲೆ ಕಾರಣ ಹುಡುಕುವುದು. ನಿಜವಾದ ಕಾರಣ ಬಾಣಲೆಗೆ ಬರುವ ಮೊದಲೇ ಆಗಿಹೋಗಿರುತ್ತದೆ.

ಆಲೂಗೆಡ್ಡೆಯ ತೂಕದಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ನೀರು. ಉಳಿದದ್ದರಲ್ಲಿ ಬಹುಪಾಲು ಪಿಷ್ಟ. ಕರಿಯುವುದೆಂದರೆ ಎಣ್ಣೆಯ ಬಿಸಿಯಿಂದ ಆ ನೀರನ್ನು ಆವಿ ಮಾಡಿ ಹೊರಗೆ ಓಡಿಸುವುದು. ಎಣ್ಣೆಯಲ್ಲಿ ಕಾಣುವ ಗುಳ್ಳೆಯೆಲ್ಲ ಎಣ್ಣೆ ಕುದಿಯುವುದರಿಂದ ಬಂದದ್ದಲ್ಲ, ಗೆಡ್ಡೆಯ ನೀರು ಆವಿಯಾಗಿ ಹೊರಬರುತ್ತಿರುವುದು. ಹೊರಮೈಯ ನೀರು ಪೂರ್ತಿ ಹೋಗಿ, ಅಲ್ಲಿನ ಪಿಷ್ಟ ಬೆಂದು ಒಂದಕ್ಕೊಂದು ಅಂಟಿಕೊಂಡು ಒಣಗಿದಾಗ ಗಟ್ಟಿಯಾದ ಪದರವೊಂದು ಹುಟ್ಟುತ್ತದೆ. ಆ ಪದರವೇ ಗರಿಗರಿ. ಅದು ತೆಳ್ಳಗಿದ್ದರೆ ಒಳಗಿನ ತೇವ ಕೆಲವೇ ಕ್ಷಣಗಳಲ್ಲಿ ಹೊರಗೆ ಜಿನುಗಿ ಅದನ್ನು ನೆನೆಸಿಬಿಡುತ್ತದೆ. ದಪ್ಪಗಿದ್ದರೆ ತಡೆದುಕೊಳ್ಳುತ್ತದೆ. ಹಸಿ ಗೆಡ್ಡೆಯನ್ನು ಒಂದೇ ಸಲ ಕಾದ ಎಣ್ಣೆಗೆ ಹಾಕಿದರೆ ಆ ದಪ್ಪ ಪದರ ಕಟ್ಟಲು ಹೊತ್ತೇ ಸಿಗುವುದಿಲ್ಲ. ಅಷ್ಟರಲ್ಲಿ ಸಕ್ಕರೆ ಕಂದಾಗಿ, ಇನ್ನೂ ಬಿಟ್ಟರೆ ಕಹಿಯಾಗುತ್ತದೆ.

ಆದ್ದರಿಂದ ಫ್ರೈಸ್ ಬಗ್ಗೆ ಹೇಳಬೇಕಾದ ಮಾತು ಒಂದೇ. ಅದನ್ನು ಒಂದು ಸಲಕ್ಕೆ ಕರಿಯಬಾರದು. ಮೊದಲು ಬೇಯಬೇಕು, ಆಮೇಲೆ ಆರಬೇಕು, ಕೊನೆಗೆ ಕರಿಯಬೇಕು.

ಬೆಲ್ಜಿಯಂನವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡವರು. ಅಲ್ಲಿನ ಬೀದಿಬದಿಯ ಫ್ರೈಸ್ ಅಂಗಡಿಗಳಲ್ಲಿ ಗೆಡ್ಡೆ ಎರಡು ಸಲ ಎಣ್ಣೆ ಕಾಣುತ್ತದೆ. ಮೊದಲು ತಗ್ಗಿದ ಶಾಖದಲ್ಲಿ ಬೇಯಿಸಿ ತೆಗೆದು ಆರಲು ಬಿಡುತ್ತಾರೆ, ಗಿರಾಕಿ ಬಂದ ಮೇಲೆ ಹೆಚ್ಚಿನ ಶಾಖದಲ್ಲಿ ಮತ್ತೆ ಕರಿಯುತ್ತಾರೆ. ಇಂಗ್ಲೆಂಡಿನ ಬಾಣಸಿಗ ಹೆಸ್ಟನ್ ಬ್ಲೂಮೆಂಥಾಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1990ರ ದಶಕದಲ್ಲಿ ಅವರು ರೂಪಿಸಿದ ಫ್ರೈಸ್ ಮೊದಲು ನೀರಿನಲ್ಲಿ ಬೆಂದು, ನಂತರ ಎರಡು ಸಲ ಎಣ್ಣೆಯಲ್ಲಿ ಕರಿದು ತಟ್ಟೆಗೆ ಬರುತ್ತದೆ. ಪ್ರತಿ ಹಂತದ ನಡುವೆ ತಣ್ಣಗೆ ಆರಿಸುವುದು ಬೇರೆ.

ಫಾಸ್ಟ್‌ಫುಡ್ ಅಂಗಡಿಯಲ್ಲಿ ಇಷ್ಟೆಲ್ಲ ನಡೆಯುವುದು ಕಾಣುವುದಿಲ್ಲ. ಅಲ್ಲಿ ಹುಡುಗನೊಬ್ಬ ಚೀಲ ಹರಿದು ಬುಟ್ಟಿಗೆ ಸುರಿಯುತ್ತಾನೆ, ಮೂರು ನಿಮಿಷಕ್ಕೆ ಗಂಟೆ ಬಾರಿಸುತ್ತದೆ, ಉಪ್ಪು ಉದುರಿಸುತ್ತಾನೆ. ಉಳಿದ ಕೆಲಸವೆಲ್ಲ ನೂರಾರು ಮೈಲಿ ದೂರದ ಕಾರ್ಖಾನೆಯಲ್ಲಿ ಮುಗಿದಿರುತ್ತದೆ. ಅಮೆರಿಕದ ಐಡಹೊ ರಾಜ್ಯದ ಜೆ.ಆರ್. ಸಿಂಪ್ಲಾಟ್ ಅವರ ಕಂಪನಿಯಲ್ಲಿ 1940ರ ದಶಕದಲ್ಲಿ ರೇ ಡನ್‌ಲ್ಯಾಪ್ ಎಂಬ ರಸಾಯನಶಾಸ್ತ್ರಜ್ಞ ಹೆಪ್ಪುಗಟ್ಟಿಸಿದ ಫ್ರೈಸ್ ತಯಾರಿಸುವ ದಾರಿ ಕಂಡುಹಿಡಿದರು. 1960ರ ದಶಕದಲ್ಲಿ ಸಿಂಪ್ಲಾಟ್ ಮತ್ತು ಕ್ರಾಕ್ ಕೈಕುಲುಕಿ ಒಪ್ಪಂದ ಮಾಡಿಕೊಂಡರು. ಅಲ್ಲಿಗೆ ಅಂಗಡಿಯ ನೆಲಮಾಳಿಗೆಯ ಫ್ಯಾನಿನ ಕಾಲ ಮುಗಿಯಿತು.

ಕಾರ್ಖಾನೆಯ ಒಳಗೆ ನಡೆಯುವುದು ಹೀಗೆ. ಆವಿಯ ಒತ್ತಡದಲ್ಲಿ ಸಿಪ್ಪೆ ಕಳಚುತ್ತದೆ. ಗೆಡ್ಡೆಗಳು ಕೊಳವೆಯೊಳಗೆ ನೀರಿನ ರಭಸಕ್ಕೆ ಸಿಕ್ಕಿ, ಅಡ್ಡಕ್ಕೆ ಕೂರಿಸಿದ ಅಲಗುಗಳ ಮೇಲೆ ಬಂದು ಅಪ್ಪಳಿಸಿ, ಒಂದೇ ಕ್ಷಣದಲ್ಲಿ ಕಡ್ಡಿಗಳಾಗುತ್ತವೆ. ಕಡ್ಡಿಗಳನ್ನು ಬಿಸಿನೀರಿನಲ್ಲಿ ಅದ್ದಿಡುತ್ತಾರೆ. ಇದರಿಂದ ಮೇಲ್ಮೈಯ ಸಕ್ಕರೆ ತೊಳೆದುಹೋಗಿ ಪಿಷ್ಟ ಬೇಯುತ್ತದೆ. ಎಲ್ಲ ಕಡ್ಡಿಗೂ ಒಂದೇ ಬಣ್ಣ ಬರಲೆಂದು ಅನೇಕ ಕಡೆ ಅಳತೆ ಮಾಡಿದ ಗ್ಲೂಕೋಸನ್ನು ಮತ್ತೆ ಸೇರಿಸುವುದೂ ಉಂಟು. ಆಮೇಲೆ ಬಿಸಿಗಾಳಿಯಲ್ಲಿ ಒಣಗಿಸಿ, ಸ್ವಲ್ಪ ಹೊತ್ತು ಎಣ್ಣೆಯಲ್ಲಿ ಕರಿದು, ಕೂಡಲೇ ಹೆಪ್ಪುಗಟ್ಟಿಸುತ್ತಾರೆ. ಹೆಪ್ಪುಗಟ್ಟುವಾಗ ಗೆಡ್ಡೆಯೊಳಗಿನ ನೀರು ಮಂಜಿನ ಹರಳುಗಳಾಗಿ ಜೀವಕೋಶಗಳ ಗೋಡೆಗಳನ್ನು ಸೀಳುತ್ತದೆ. ಮುಂದೆ ಬಿಸಿ ಎಣ್ಣೆ ತಾಗಿದಾಗ ಆ ಸೀಳುಗಳಿಂದ ನೀರು ಸಲೀಸಾಗಿ ಹೊರಬೀಳುತ್ತದೆ, ಒಳಗಿನ ತಿರುಳು ಹಗುರವಾಗುತ್ತದೆ.

ಇದು ಎಲ್ಲೋ ಅಮೆರಿಕದ ವಿದ್ಯೆ ಎಂದುಕೊಳ್ಳಬೇಕಿಲ್ಲ. ಬೇಸಿಗೆಯಲ್ಲಿ ನಮ್ಮ ಮನೆಗಳ ತಾರಸಿ ನೋಡಿದವರಿಗೆ ಇದರ ಅರ್ಧ ಗೊತ್ತು. ಆಲೂಗೆಡ್ಡೆಯನ್ನು ಬಿಲ್ಲೆಗಳಾಗಿ ಹೆಚ್ಚಿ, ಉಪ್ಪುನೀರಿನಲ್ಲಿ ಅರೆಬೇಯಿಸಿ, ಹಳೆಯ ಪಂಚೆಯ ಮೇಲೆ ಹರವಿ ಬಿಸಿಲಲ್ಲಿ ಒಣಗಿಸಿ, ಡಬ್ಬಿಗೆ ತುಂಬಿಡುತ್ತಾರೆ. ಮಳೆಗಾಲದಲ್ಲಿ ಬೇಕಾದಾಗ ನಾಲ್ಕು ತೆಗೆದು ಎಣ್ಣೆಗೆ ಬಿಟ್ಟರೆ ಅರಳಿ ಗರಿಗರಿಯಾಗುತ್ತವೆ. ಬೇಯಿಸು, ಒಣಗಿಸು, ಇಡು, ಆಮೇಲೆ ಕರಿ. ಸಂಡಿಗೆ ಹಪ್ಪಳಗಳದ್ದೂ ಇದೇ ಕ್ರಮ. ಕಾರ್ಖಾನೆಯಲ್ಲಿ ಬಿಸಿಲಿನ ಜಾಗಕ್ಕೆ ಬಿಸಿಗಾಳಿ ಬಂತು, ಡಬ್ಬಿಯ ಜಾಗಕ್ಕೆ ಶೀತಲಪೆಟ್ಟಿಗೆ ಬಂತು.

ಕಾರ್ಖಾನೆಯ ಈ ಕ್ರಮವನ್ನು ಮನೆಯ ಒಲೆಗೆ ಇಳಿಸಿದವರು ಅಮೆರಿಕದ ಅಡುಗೆ ಬರಹಗಾರ ಜೆ. ಕೆಂಜಿ ಲೋಪೆಜ್-ಆಲ್ಟ್. 2010ರಲ್ಲಿ ಅವರು ಮೆಕ್‌ಡೊನಾಲ್ಡ್ಸ್‌ನ ಕರಿಯದ, ಹೆಪ್ಪುಗಟ್ಟಿದ ಫ್ರೈಸ್ ಸಂಪಾದಿಸಿ ತಂದು, ಅದರ ಅಳತೆ ತೆಗೆದು, ಅದೇ ರೀತಿ ಬರುವವರೆಗೂ ಒಂದಾದ ಮೇಲೊಂದು ಪ್ರಯೋಗ ಮಾಡಿದರು. ಅವರಿಗೆ ಎದುರಾದ ತೊಡಕು ಬೇಯಿಸುವುದರಲ್ಲಿತ್ತು. ಕಾರ್ಖಾನೆಯಲ್ಲಿ ನೀರಿನ ಶಾಖವನ್ನು ಒಂದೇ ಮಟ್ಟದಲ್ಲಿ ಹಿಡಿದಿಡಬಹುದು. ಮನೆಯಲ್ಲಿ ಅದು ಕಷ್ಟ. ಕುದಿಯುವ ನೀರಿಗೆ ಹಾಕಿದರೆ ಕಾಲಿಂಚು ದಪ್ಪದ ಕಡ್ಡಿಗಳು ಕರಗಿ ಮುದ್ದೆಯಾಗುತ್ತವೆ. ಅದಕ್ಕೆ ಅವರು ಕಂಡುಕೊಂಡ ಉಪಾಯ ನೀರಿಗೆ ವಿನೆಗರ್ ಹಾಕುವುದು.

ಇದನ್ನು ಓದಿದ ಕೂಡಲೇ ನಮ್ಮಲ್ಲಿ ಸಾರು ಹುಳಿ ಮಾಡುವ ಯಾರಿಗಾದರೂ ತಲೆಯಲ್ಲಿ ದೀಪ ಹೊತ್ತಿಕೊಳ್ಳಬೇಕು. ತರಕಾರಿ ಬೇಯುವ ಮೊದಲೇ ಹುಣಸೆರಸ ಹಾಕಿದರೆ ಆಮೇಲೆ ಎಷ್ಟು ಕುದಿಸಿದರೂ ಅದು ಮೆತ್ತಗಾಗುವುದಿಲ್ಲ. ‘ಹೋಳು ಬೆಂದಿದೆಯಾ ನೋಡಿ ಹುಳಿ ಹಾಕು’ ಎಂದು ಹಿರಿಯರು ಗದರುತ್ತಿದ್ದುದು ಇದಕ್ಕೇ. ತರಕಾರಿಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಅಂಟು. ಬರೀ ನೀರಿನಲ್ಲಿ ಕುದಿಸಿದರೆ ಅದು ಕರಗುತ್ತದೆ. ಸೋಡಾ ಬಿದ್ದರೆ ಇನ್ನೂ ಬೇಗ ಕರಗುತ್ತದೆ, ಕಾಳು ಬೇಯಿಸುವಾಗ ಚಿಟಿಕೆ ಸೋಡಾ ಹಾಕುವುದು ಅದಕ್ಕೇ. ಹುಳಿ ಇದ್ದರೆ ಪೆಕ್ಟಿನ್ ಗಟ್ಟಿಯಾಗಿ ಉಳಿಯುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯದೆ ಸತಾಯಿಸುವುದೂ ಇದೇ ಪೆಕ್ಟಿನ್‌ನ ಕತೆ. ಸಾಂಬಾರಿನಲ್ಲಿ ತೊಂದರೆ ಕೊಡುವ ಆ ಗುಣವೇ ಫ್ರೈಸ್‌ನಲ್ಲಿ ವರ. ಕಡ್ಡಿ ಒಳಗೆಲ್ಲ ಪೂರ್ತಿ ಬೇಯುತ್ತದೆ, ಆದರೆ ಆಕಾರ ಕೆಡುವುದಿಲ್ಲ.

ಇನ್ನು ಮಾಡುವ ಕ್ರಮಕ್ಕೆ ಬರಬಹುದು. ಅರ್ಧ ಕಿಲೋ ಆಲೂಗೆಡ್ಡೆಯ ಲೆಕ್ಕ ಹಿಡಿದರೆ ಇಬ್ಬರು ಮೂವರಿಗೆ ಸಾಕು. ಉದ್ದನೆಯ ದೊಡ್ಡ ಗೆಡ್ಡೆಗಳನ್ನೇ ಆರಿಸಿ ಸಿಪ್ಪೆ ಹೆರೆದು, ಕಾಲಿಂಚು ದಪ್ಪದ, ಅಂದರೆ ಆರೇಳು ಮಿಲಿಮೀಟರಿನ, ಕಡ್ಡಿಗಳಾಗಿ ಹೆಚ್ಚಬೇಕು. ಒಂದು ದಪ್ಪ ಒಂದು ತೆಳು ಆದರೆ ಒಂದು ಸುಟ್ಟು ಇನ್ನೊಂದು ಹಸಿಯಾಗುತ್ತದೆ. ಹಾಗಾಗಿ ಇಲ್ಲಿ ಅವಸರ ಸಲ್ಲದು. ಹೆಚ್ಚಿದ ಕಡ್ಡಿಗಳನ್ನು ತಣ್ಣೀರಿನಲ್ಲಿ ಮೂರ್ನಾಲ್ಕು ಸಲ ತೊಳೆಯಬೇಕು. ಮೊದಲ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿರುತ್ತದೆ, ಅದು ಕತ್ತಿ ತಾಗಿ ಒಡೆದ ಜೀವಕೋಶಗಳಿಂದ ಬಂದ ಪಿಷ್ಟ. ನೀರು ತಿಳಿಯಾದ ಮೇಲೆ ಪಾತ್ರೆಗೆ ಹಾಕಿ, ಒಂದು ಲೀಟರ್ ನೀರು, ಒಂದು ದೊಡ್ಡ ಚಮಚ ವಿನೆಗರ್, ಒಂದು ಚಮಚ ಉಪ್ಪು ಸೇರಿಸಿ ಒಲೆಯ ಮೇಲಿಡಬೇಕು. ವಿನೆಗರ್ ಇಲ್ಲದ ಮನೆಯಲ್ಲಿ ನಿಂಬೆರಸ ಆದೀತು. ಹುಣಸೆ ಬೇಡ, ಬಣ್ಣ ಕೆಡುತ್ತದೆ. ಕುದಿ ಬಂದ ಮೇಲೆ ಹತ್ತು ನಿಮಿಷ. ಚಾಕುವಿನ ತುದಿ ತಡೆಯಿಲ್ಲದೆ ಇಳಿಯಬೇಕು, ಆದರೆ ಕಡ್ಡಿ ಮುರಿಯಬಾರದು.

ಬಸಿದು, ಒಣಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರವಿದರೆ ಐದಾರು ನಿಮಿಷದಲ್ಲಿ ಹಬೆಯೆಲ್ಲ ಆರಿ ಮೇಲ್ಮೈ ಸ್ವಲ್ಪ ಸೊರಗಿದಂತೆ, ಪುಡಿ ಉದುರುವಂತೆ ಕಾಣುತ್ತದೆ. ಹಾಗೆ ಕಂಡರೆ ಗೆದ್ದಂತೆ. ಆ ಒರಟು ಮೇಲ್ಮೈಯೇ ಮುಂದೆ ಗರಿಗರಿ ಪದರವಾಗುವುದು.

ಈಗ ಮೊದಲ ಕರಿ. ದಪ್ಪ ತಳದ ಬಾಣಲೆಗೆ ಅರ್ಧಕ್ಕಿಂತ ಹೆಚ್ಚು ಎಣ್ಣೆ ಬೇಡ. ತೇವದ ಗೆಡ್ಡೆ ಬಿದ್ದಾಗ ಎಣ್ಣೆ ಉಕ್ಕಿ ಒಲೆಗೆ ಸುರಿದರೆ ಬೆಂಕಿ ಹತ್ತುತ್ತದೆ. ಅಕಸ್ಮಾತ್ ಹತ್ತಿದರೆ ಗ್ಯಾಸ್ ಆರಿಸಿ ಬಾಣಲೆಗೆ ಮುಚ್ಚಳ ಮುಚ್ಚಬೇಕು. ಯಾವ ಕಾರಣಕ್ಕೂ ನೀರು ಹಾಕಬಾರದು. ಎಣ್ಣೆಯ ಶಾಖ ಸುಮಾರು 200 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಡುಗೆಯ ಥರ್ಮಾಮೀಟರ್ ಒಂದು ಕೊಂಡಿಟ್ಟುಕೊಂಡರೆ ಅದು ಜಾಮೂನಿಗೂ ಮೈಸೂರುಪಾಕಿನ ಪಾಕಕ್ಕೂ ಒದಗುತ್ತದೆ. ಅದಿಲ್ಲದಿದ್ದರೆ, ಒಂದು ಕಡ್ಡಿ ಹಾಕಿದೊಡನೆ ಜೋರಾಗಿ ಗುಳ್ಳೆ ಎದ್ದು ಮೇಲೆ ತೇಲಬೇಕು, ಎಣ್ಣೆಯಿಂದ ಹೊಗೆ ಮಾತ್ರ ಏಳಬಾರದು ಎಂಬುದೇ ಗುರುತು. ಕಡ್ಡಿಗಳನ್ನು ಮೂರು ಪಾಲು ಮಾಡಿ, ಒಂದೊಂದು ಪಾಲನ್ನು ಐವತ್ತು ಸೆಕೆಂಡು ಮಾತ್ರ ಬಿಟ್ಟು ತೆಗೆಯಬೇಕು. ಬಣ್ಣ ಬರುವ ಮಾತೇ ಇಲ್ಲ, ಹೊರಗೊಂದು ಮಾಸಲು ಬಿಳಿಯ ಚರ್ಮ ಕಟ್ಟಿದರೆ ಸಾಕು.

ಅರ್ಧ ಗಂಟೆ ಆರಲು ಬಿಟ್ಟು, ತಟ್ಟೆಯಲ್ಲಿ ಹರವಿಕೊಂಡೇ ಫ್ರೀಜರಿನಲ್ಲಿ ರಾತ್ರಿಯಿಡೀ ಇಡಬೇಕು. ಕೆಳಗಿನ ಫ್ರಿಜ್ ಭಾಗ ಅಲ್ಲ, ಐಸ್ ಕಟ್ಟುವ ಫ್ರೀಜರ್. ಹೆಪ್ಪುಗಟ್ಟಿದ ಮೇಲೆ ಚೀಲಕ್ಕೆ ತುಂಬಿಟ್ಟರೆ ವಾರಗಟ್ಟಲೆ ಇರುತ್ತದೆ. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಮಾಡುವವರು ಎರಡು ಮೂರು ಕಿಲೋ ಒಟ್ಟಿಗೆ ಮಾಡಿಟ್ಟುಕೊಳ್ಳಬಹುದು.

ಕೊನೆಯ ಕರಿಗೆ ಕಡ್ಡಿಗಳು ಫ್ರೀಜರಿನಿಂದ ನೇರವಾಗಿ ಎಣ್ಣೆಗೆ ಹೋಗಬೇಕು. ಕರಗಲು ಬಿಟ್ಟರೆ ಮಾಡಿದ್ದೆಲ್ಲ ನೀರುಪಾಲು. ಎಣ್ಣೆ ಮತ್ತೆ 200 ಡಿಗ್ರಿ. ತಣ್ಣನೆಯ ಕಡ್ಡಿ ಬಿದ್ದೊಡನೆ ಅದು 180ರ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ಒಂದು ಸಲಕ್ಕೆ ಒಂದು ಹಿಡಿ ಮಾತ್ರ. ಬಾಣಲೆ ತುಂಬ ಸುರಿದರೆ ಶಾಖ ಇನ್ನೂ ಕುಸಿದು, ಆವಿ ಹೊರಬರುವ ರಭಸ ತಗ್ಗಿ, ಕಡ್ಡಿ ಎಣ್ಣೆ ಕುಡಿಯುತ್ತದೆ. ಈಗ ಕಣ್ಣು, ಕಿವಿ ಎರಡನ್ನೂ ಬಾಣಲೆಗೆ ಕೊಡಬೇಕು. ಮೊದಲ ನಿಮಿಷ ಚೊರ್ರೆಂಬ ದಪ್ಪ ಸದ್ದು, ದೊಡ್ಡ ಗುಳ್ಳೆ. ಎರಡನೆಯ ನಿಮಿಷಕ್ಕೆ ಗುಳ್ಳೆ ಸಣ್ಣದಾಗುತ್ತದೆ, ಸದ್ದು ತೆಳುವಾಗುತ್ತದೆ. ಮೂರು, ಮೂರೂವರೆ ನಿಮಿಷದ ಹೊತ್ತಿಗೆ ಗುಳ್ಳೆ ಅಡಗುತ್ತಾ ಬಂದು, ಜಾಲರಿ ಸೌಟಿನಿಂದ ತಿರುವಿದಾಗ ಕಡ್ಡಿಗಳು ಒಂದಕ್ಕೊಂದು ತಾಗಿ ಒಣಸೌದೆಯಂತೆ ಗಲಗಲ ಎನ್ನುತ್ತವೆ. ಚಕ್ಕುಲಿ ಕರಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ‘ಗುಳ್ಳೆ ನಿಂತ ಮೇಲೆ ತೆಗಿ’ ಎಂಬ ಲೆಕ್ಕವೇ ಇಲ್ಲೂ.

ಈ ಲೆಕ್ಕವನ್ನು ಮೆಕ್‌ಡೊನಾಲ್ಡ್ಸ್ ಯಂತ್ರಕ್ಕೆ ಕಲಿಸಿತು ಎಂಬುದು ಕುತೂಹಲದ ಸಂಗತಿ. ಲೂಯಿಸ್ ಮಾರ್ಟಿನೊ ಎಂಬುವರು ಆ ಕಂಪನಿಗಾಗಿ ಪ್ರಯೋಗ ನಡೆಸಿ, ಗೆಡ್ಡೆ ಬಿದ್ದಾಗ ಕುಸಿದ ಎಣ್ಣೆಯ ಶಾಖ ಮತ್ತೆ ಮೇಲೇರಲು ಶುರುವಾಗುವ ಗಳಿಗೆಯೇ ಫ್ರೈಸ್ ಆಗಿರುವುದರ ಗುರುತು ಎಂದು ಕಂಡುಕೊಂಡರು. ನೀರು ಆವಿಯಾಗುತ್ತಿರುವಷ್ಟು ಹೊತ್ತು ಎಣ್ಣೆಯ ಶಾಖವೆಲ್ಲ ಅದಕ್ಕೇ ಹೋಗುತ್ತದೆ. ಹೊರಡಬೇಕಾದ ನೀರು ಹೊರಟುಹೋದ ಮೇಲೆ ಎಣ್ಣೆ ಕಾಯತೊಡಗುತ್ತದೆ. ಅವರು ಥರ್ಮಾಮೀಟರಿನಲ್ಲಿ ಓದಿದ್ದನ್ನು ನಮ್ಮ ಅಡುಗೆಯವರು ಗುಳ್ಳೆಯಲ್ಲಿ ಓದುತ್ತಾ ಬಂದಿದ್ದಾರೆ.

ತೆಗೆದ ಕೂಡಲೇ, ಮೇಲ್ಮೈಯ ಎಣ್ಣೆ ಇನ್ನೂ ಹೊಳೆಯುತ್ತಿರುವಾಗಲೇ, ಪುಡಿಉಪ್ಪು ಉದುರಿಸಬೇಕು. ಆಮೇಲೆ ಉಪ್ಪು ಅಂಟುವುದಿಲ್ಲ. ಡಬ್ಬಿಗೆ ಹಾಕಿ ಮುಚ್ಚುವುದಾಗಲಿ, ಮೇಲೆ ತಟ್ಟೆ ಕವುಚುವುದಾಗಲಿ ಕೂಡದು. ತನ್ನದೇ ಹಬೆಯಲ್ಲಿ ತಾನೇ ನೆನೆಯುತ್ತದೆ. ಮನೆಗೆ ತರಿಸಿಕೊಂಡ ಫ್ರೈಸ್ ದಾರಿಯಲ್ಲೇ ಸೋತುಹೋಗಿರುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ಮಾಡಿಯೂ ಬಣ್ಣ ಕೆಟ್ಟರೆ ದೋಷ ಗೆಡ್ಡೆಯದು. ಆಲೂಗೆಡ್ಡೆಯನ್ನು ತೀರ ತಣ್ಣಗಿನ ಜಾಗದಲ್ಲಿಟ್ಟರೆ ಅದರ ಪಿಷ್ಟ ಸಕ್ಕರೆಯಾಗಿ ಬದಲಾಗುತ್ತದೆ. ಪಲ್ಯಕ್ಕೆ ಅದು ತುಸು ಸಿಹಿ ಅನ್ನಿಸಬಹುದು, ಅಷ್ಟೇ. ಫ್ರೈಸ್‌ಗೆ ಮಾತ್ರ ಅದು ಮಾರಕ, ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಉತ್ತರದ ರಾಜ್ಯಗಳ ಶೀತಲಗೃಹಗಳಲ್ಲಿ ಎರಡರಿಂದ ನಾಲ್ಕು ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇದ್ದು ಬಂದ ಗೆಡ್ಡೆಗೆ ಈ ತೊಂದರೆ ಸಾಮಾನ್ಯ. ಚಿಪ್ಸ್ ಮತ್ತು ಫ್ರೈಸ್ ಕಂಪನಿಗಳು ಇದಕ್ಕಾಗಿಯೇ ತಮ್ಮ ಗೆಡ್ಡೆಯನ್ನು ಹತ್ತು ಹನ್ನೆರಡು ಡಿಗ್ರಿಯಲ್ಲಿ ಇಡಿಸುತ್ತವೆ. ಮನೆಯಲ್ಲೂ ಫ್ರೈಸ್‌ಗೆಂದು ತಂದ ಗೆಡ್ಡೆಯನ್ನು ಫ್ರಿಜ್‌ಗೆ ಸೇರಿಸಬಾರದು. ಬುಟ್ಟಿಯಲ್ಲಿ, ಗಾಳಿಯಾಡುವ ಕತ್ತಲ ಮೂಲೆಯಲ್ಲಿ ಹತ್ತು ದಿನ ಇಟ್ಟರೆ ಒಳ್ಳೆಯದಾಗುತ್ತದೆ. ಕ್ರಾಕ್ ಅವರ ನೆಲಮಾಳಿಗೆಯಲ್ಲಿ ಆದದ್ದು ಅದೇ ತಾನೆ. ಹಸಿರು ತಿರುಗಿದ, ಮೊಳಕೆ ಒಡೆದ ಗೆಡ್ಡೆ ಬೇಡವೇ ಬೇಡ.

ಯಾವ ಗೆಡ್ಡೆಯಲ್ಲಿ ಪಿಷ್ಟ ಹೆಚ್ಚು, ಯಾವುದರಲ್ಲಿ ನೀರು ಹೆಚ್ಚು ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಹನ್ನೊಂದು ಲೋಟ ನೀರಿಗೆ ಒಂದು ಲೋಟ ಉಪ್ಪು ಕರಗಿಸಿ ಗೆಡ್ಡೆಯನ್ನು ಬಿಡಬೇಕು. ಪಿಷ್ಟ ತುಂಬಿದ ಗೆಡ್ಡೆ ಮುಳುಗುತ್ತದೆ, ನೀರುಗೆಡ್ಡೆ ತೇಲುತ್ತದೆ. ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಸುರಿದು ಜೊಳ್ಳು ತೇಲಿಸುವ ನಮ್ಮ ರೈತರ ಉಪಾಯವೇ ಇದು. ಮುಳುಗಿದ್ದು ಫ್ರೈಸ್‌ಗೆ, ತೇಲಿದ್ದು ಸಾಗುವಿಗೆ.

ಕರ್ನಾಟಕದಲ್ಲಿ ಆಲೂಗೆಡ್ಡೆ ಎಂದರೆ ಹಾಸನ. ಅಲ್ಲಿನದು ಮುಂಗಾರಿನ ಬೆಳೆ, ಮಳೆ ನಂಬಿದ ಬೇಸಾಯ. ದೇಶದ ಬಹುಪಾಲು ಆಲೂಗೆಡ್ಡೆ ಉತ್ತರದ ಬಯಲಿನಲ್ಲಿ ಚಳಿಗಾಲಕ್ಕೆ ಬೆಳೆಯುವಾಗ, ಹಾಸನದ ರೈತ ಪಂಜಾಬಿನಿಂದ ಬಿತ್ತನೆಗೆಡ್ಡೆ ತರಿಸಿ ಮಳೆಗಾಲದ ಅಂಗಮಾರಿ ರೋಗದೊಡನೆ ಹೋರಾಡುತ್ತಾ ಬೆಳೆ ತೆಗೆಯುತ್ತಾನೆ. ಅಲ್ಲಿ ಬಹುಕಾಲದಿಂದ ಆಳುತ್ತಿರುವುದು ಕುಫ್ರಿ ಜ್ಯೋತಿ ತಳಿ. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ಈ ತಳಿ ಪಲ್ಯ, ಬೋಂಡಕ್ಕೆ ಹೇಳಿಮಾಡಿಸಿದ್ದು. ಫ್ರೈಸ್‌ಗೆ ಬೇಕಾದ ಉದ್ದವಾಗಲಿ ಒಣ ಅಂಶವಾಗಲಿ ಅದರಲ್ಲಿ ಕಡಿಮೆ. ಅದೇ ಸಂಸ್ಥೆ 1998ರಲ್ಲಿ ಚಿಪ್ಸೋನಾ ಹೆಸರಿನ ತಳಿಗಳನ್ನು, ನಂತರ ಫ್ರೈಸ್‌ಗೆಂದೇ ಕುಫ್ರಿ ಫ್ರೈಸೋನಾವನ್ನು ಹೊರತಂದಿತು. ಮಾರುಕಟ್ಟೆಯಲ್ಲಿ ಚಿಪ್ಸೋನಾ ಸಿಕ್ಕರೆ ಬಿಡಬಾರದು. ಸಿಗದಿದ್ದರೆ ಜ್ಯೋತಿಯಲ್ಲೇ ದೊಡ್ಡದು, ಬಲಿತದ್ದು, ಸಿಪ್ಪೆ ಸುಲಭಕ್ಕೆ ಸುಲಿಯದ್ದು ನೋಡಿ ಆರಿಸಬೇಕು. ಉಗುರಿಗೆ ಸಿಪ್ಪೆ ಬರುವ ಎಳೆಗೆಡ್ಡೆಯಲ್ಲಿ ಬರೀ ನೀರು.

ಮೆಕ್‌ಡೊನಾಲ್ಡ್ಸ್ 1996ರಲ್ಲಿ ದೆಹಲಿಯಲ್ಲಿ ಮೊದಲ ಅಂಗಡಿ ತೆರೆದಾಗ ಭಾರತದ ಗೆಡ್ಡೆ ಅದರ ಫ್ರೈಸ್‌ಗೆ ಒದಗುತ್ತಿರಲಿಲ್ಲ, ಹೊರಗಿನಿಂದ ತರಿಸಬೇಕಿತ್ತು. ಕೆನಡಾ ಮೂಲದ ಮೆಕೇನ್ ಕಂಪನಿ ಗುಜರಾತಿನ ಮೆಹ್ಸಾಣದಲ್ಲಿ ಕಾರ್ಖಾನೆ ಹಾಕಿ, ಬನಾಸ್‌ಕಾಂಠಾ ಸುತ್ತಲಿನ ರೈತರಿಂದ ಸ್ಯಾಂಟಾನಾದಂಥ ಉದ್ದಗೆಡ್ಡೆಯ ತಳಿಗಳನ್ನು ಬೆಳೆಸಿತು. ಅಲ್ಲಿನ ಮರಳುಮಿಶ್ರಿತ ಮಣ್ಣು, ಬಿಸಿ ಹಗಲು, ತಣ್ಣನೆ ರಾತ್ರಿ ಅದಕ್ಕೆ ಹೊಂದಿಕೊಂಡವು. ಎರಡು ದಶಕದಲ್ಲಿ ಲೆಕ್ಕ ತಿರುಗಿತು. 2023–24ರಲ್ಲಿ ಭಾರತವೇ 1.35 ಲಕ್ಷ ಟನ್‌ಗೂ ಹೆಚ್ಚು ಫ್ರೈಸ್ ಹೊರದೇಶಗಳಿಗೆ ಮಾರಿತು. ಆ ಲಾಭದಲ್ಲಿ ಹಾಸನಕ್ಕೂ ಪಾಲು ಸಿಗುವಂತೆ ನಮ್ಮ ಮಣ್ಣಿಗೆ ಒಗ್ಗುವ ತಳಿಗಳ ಮೇಲೆ ಇನ್ನೂ ಹೆಚ್ಚು ಕೆಲಸ ನಡೆಯಬೇಕು.

ಎಣ್ಣೆಯ ವಿಚಾರಕ್ಕೂ ಒಂದು ಇತಿಹಾಸವಿದೆ. ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್ 1990ರವರೆಗೂ ಫ್ರೈಸ್ ಕರಿಯುತ್ತಿದ್ದುದು ಬಹುಪಾಲು ದನದ ಕೊಬ್ಬಿನಲ್ಲಿ. ಆಮೇಲೆ ಸಸ್ಯದ ಎಣ್ಣೆಗೆ ಬದಲಾಯಿತು. ಆದರೆ ಹಳೆಯ ರುಚಿ ಉಳಿಸಲು ದನದ ಮಾಂಸದಿಂದ ಬಂದ ಪರಿಮಳವನ್ನು ಸೇರಿಸುತ್ತಿದ್ದ ಸಂಗತಿ ಅಲ್ಲಿನ ಸಸ್ಯಾಹಾರಿಗಳಿಗೆ ತಿಳಿದಿರಲಿಲ್ಲ. 2001ರಲ್ಲಿ ಅಲ್ಲಿ ನೆಲೆಸಿದ್ದ ಹಿಂದೂಗಳೂ ಸೇರಿದಂತೆ ಹಲವರು ಮೊಕದ್ದಮೆ ಹೂಡಿದರು. ಮರುವರ್ಷ ಕಂಪನಿ ಕ್ಷಮೆ ಕೇಳಿ ಒಂದು ಕೋಟಿ ಡಾಲರ್ ಕೊಡಲು ಒಪ್ಪಿತು. ಭಾರತದಲ್ಲಿ ಮಾರುವ ಫ್ರೈಸ್‌ನಲ್ಲಿ ಆ ಪರಿಮಳ ಇಲ್ಲ ಎಂದು ಕಂಪನಿ ಆಗಲೇ ಸ್ಪಷ್ಟಪಡಿಸಿತ್ತು. ಆದರೂ ವಿದೇಶಕ್ಕೆ ಹೋಗುವ ನಮ್ಮ ಸಸ್ಯಾಹಾರಿಗಳು ಫ್ರೈಸ್ ಎಂದರೆ ಬರೀ ಆಲೂಗೆಡ್ಡೆ ಎಂದು ನಂಬದೆ ಕೇಳಿಯೇ ತಿನ್ನುವುದು ಸರಿ.

ಮನೆಗೆ ಕಡಲೆಕಾಯಿ ಎಣ್ಣೆಗಿಂತ ಒಳ್ಳೆಯದು ಬೇಡ. ಸಂಸ್ಕರಿಸಿದ ಕಡಲೆಕಾಯಿ ಎಣ್ಣೆ ಈ ಶಾಖವನ್ನು ತಡೆಯುತ್ತದೆ, ಸೂರ್ಯಕಾಂತಿಯೂ ನಡೆಯುತ್ತದೆ. ಉಳಿದ ಎಣ್ಣೆಯನ್ನು ಸೋಸಿ ಒಂದೆರಡು ಸಲ ಬಳಸಬಹುದು. ಬಣ್ಣ ಕಪ್ಪಾಗಿ, ಅಂಟಂಟಾಗಿ, ಕಾಯಿಸಿದಾಗ ನೊರೆ ನಿಲ್ಲುತ್ತಿದ್ದರೆ ಮುಗಿಯಿತು. ಪದೇ ಪದೇ ಕಾದ ಎಣ್ಣೆಯಲ್ಲಿ, ಎಣ್ಣೆ ಒಡೆದು ಹುಟ್ಟುವ ಧ್ರುವೀಯ ಸಂಯುಕ್ತಗಳು ಹೆಚ್ಚುತ್ತವೆ. ಅವು ಶೇ 25 ದಾಟಿದ ಎಣ್ಣೆಯನ್ನು ಹೋಟೆಲುಗಳು ಬಳಸಕೂಡದೆಂದು 2018ರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಇನ್ನೊಂದು ಎಚ್ಚರಿಕೆ ಬಣ್ಣದ್ದು. ಪಿಷ್ಟದ ಪದಾರ್ಥವನ್ನು ಹೆಚ್ಚು ಶಾಖದಲ್ಲಿ ಕರಿದಾಗ ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕ ಹುಟ್ಟುತ್ತದೆ ಎಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ಕಂದು ಹೆಚ್ಚಿದಷ್ಟೂ ಅದು ಹೆಚ್ಚು. ಹೊಂಬಣ್ಣಕ್ಕೆ ನಿಲ್ಲಿಸಿದರೆ ರುಚಿಗೂ ಒಳ್ಳೆಯದು, ಮೈಗೂ ಒಳ್ಳೆಯದು.

ಒಂದು ರಾತ್ರಿ ಕಾಯುವ ವ್ಯವಧಾನ ಇಲ್ಲದವರಿಗೂ ದಾರಿಯಿದೆ. ಫ್ರಾನ್ಸಿನ ಹೆಸರಾಂತ ಬಾಣಸಿಗ ಜೊಯೆಲ್ ರೊಬುಶೋನ್ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಕ್ರಮದಲ್ಲಿ ತೊಳೆದು ಒರೆಸಿದ ಹಸಿ ಕಡ್ಡಿಗಳನ್ನು ತಣ್ಣನೆಯ ಎಣ್ಣೆಗೇ ಹಾಕಿ, ಆಮೇಲೆ ಒಲೆ ಹಚ್ಚುತ್ತಾರೆ. ಎಣ್ಣೆ ಕಾಯುತ್ತಾ ಹೋದಂತೆ ಗೆಡ್ಡೆ ಮೊದಲು ಬೇಯುತ್ತದೆ, ನಂತರ ಗರಿಗರಿಯಾಗುತ್ತದೆ. ಎರಡು ಕರಿಯ ಕೆಲಸ ಒಂದರಲ್ಲೇ ಮುಗಿಯುತ್ತದೆ. ಮೊದಲ ಕಾಲು ಗಂಟೆ ಕಲಕಬಾರದು, ಮುರಿಯುತ್ತದೆ. ಫಲ ಅಂಗಡಿಯದಕ್ಕೆ ಸಮನಲ್ಲ, ಆದರೆ ನೇರ ಕರಿಯುವುದಕ್ಕಿಂತ ಎಷ್ಟೋ ಮೇಲು. ಬೇಯಿಸಿದ ಕಡ್ಡಿಗೆ ಕಾರ್ನ್‌ಫ್ಲೋರ್ ಸವರಿ ಕರಿಯುವುದು ನಮ್ಮ ಬೇಕರಿ, ದರ್ಶಿನಿಗಳ ಫಿಂಗರ್ ಚಿಪ್ಸಿನ ಉಪಾಯ. ಅದರಿಂದ ಬರುವುದು ಹೊದಿಕೆಯ ಗರಿಗರಿ, ಗೆಡ್ಡೆಯದಲ್ಲ. ಇನ್ನು ಏರ್‌ಫ್ರೈಯರ್. ಅಂಗಡಿಯ ಹೆಪ್ಪುಗಟ್ಟಿದ ಫ್ರೈಸ್ ಅದರಲ್ಲಿ ಚೆನ್ನಾಗಿ ಬರುತ್ತದೆ, ಹಸಿ ಕಡ್ಡಿ ಹಾಕಿದರೆ ತೊಗಲಿನಂತಾಗುತ್ತದೆ. ಅಂಗಡಿಯದು ಕಾರ್ಖಾನೆಯಲ್ಲೇ ಬೆಂದು, ಒಮ್ಮೆ ಎಣ್ಣೆ ಕಂಡು ಬಂದಿರುವುದೇ ಇದಕ್ಕೆ ಕಾರಣ. ಮೇಲೆ ಹೇಳಿದಂತೆ ಬೇಯಿಸಿ, ಒಮ್ಮೆ ಕರಿದು, ಹೆಪ್ಪುಗಟ್ಟಿಸಿದ ಮನೆಯ ಕಡ್ಡಿಗಳೂ ಏರ್‌ಫ್ರೈಯರಿನಲ್ಲಿ ಒಪ್ಪುವಂತೆ ಬರುತ್ತವೆ.

ಕೊನೆಗೊಂದು ಮಾತು. ಫ್ರೈಸ್ ಹೆಚ್ಚು ಹೊತ್ತು ಗರಿಗರಿಯಾಗಿ ಉಳಿಯುವುದಿಲ್ಲ, ಅಂಗಡಿಯಲ್ಲೂ ಕರಿದದ್ದನ್ನು ಕೆಲವೇ ನಿಮಿಷ ಇಟ್ಟು ಬದಲಿಸುತ್ತಾರೆ. ಮೊದಲು ಮನೆಯವರನ್ನೆಲ್ಲ ಕರೆದು ತಟ್ಟೆಯ ಮುಂದೆ ಕೂರಿಸಿ. ಆಮೇಲೆ ಫ್ರೀಜರಿನ ಬಾಗಿಲು ತೆಗೆಯಿರಿ.